ಇಟ್ಟಿಗೆಯೋ, ಕಲ್ಲೋ?

ಕಲ್ಲು ಅಚ್ಚಗನ್ನಡದ ಮಾತು. ಇಟ್ಟಿಗೆ ಉತ್ತರದಿಂದ ಬಂದದ್ದು. ಸಂಸ್ಕೃತದ 'ಇಷ್ಟಕಾ' ಪ್ರಾಕೃತದ ಬಾಯಲ್ಲಿ ಸವೆದು, ನಮ್ಮಲ್ಲಿಗೆ ಬರುವ ವೇಳೆಗೆ ಇಟ್ಟಿಗೆಯಾಯಿತು. ಇಷ್ಟನ್ನೇ ಹಿಡಿದು, ಪೂರ್ವದ ಕನ್ನಡಿಗರು ಇಟ್ಟಿಗೆಯನ್ನೇ ಅರಿಯರೆಂದು ವಾದಿಸಹೊರಡುವುದು ಸಲ್ಲದು. ಆದರೂ ಕೈತೋಟದ ಕಾಲುಹಾದಿಗೆ ಇಟ್ಟಿಗೆ ಹಾಸುವುದೋ ಕಲ್ಲು ಹಾಸುವುದೋ ಎಂದು ಪರಿಚಿತರು ಕೇಳಿದಾಗಲೆಲ್ಲ (ಕನ್ನಡದ ಮೇಷ್ಟರನ್ನು ಇದನ್ನೇಕೆ ಕೇಳುತ್ತಾರೋ ನಾನರಿಯೆ) ಈ ಎರಡು ಪದಗಳ ಹುಟ್ಟು ನನಗೆ ನೆನಪಾಗುತ್ತದೆ. ಒಂದು ಬಂಡೆಯ ಸೀಮೆಯದು, ಇನ್ನೊಂದು ಹೊಳೆಯ ಬಯಲಿನದು. ಹಿಂದಿನವರು ಈ ಎರಡರೊಳಗೆ ಆಯ್ಕೆ ಮಾಡಿದರೆನ್ನುವುದಕ್ಕಿಂತ, ಅವರ ಪರವಾಗಿ ನೆಲವೇ ಆಯ್ಕೆ ಮಾಡಿತೆಂದರೆ ಸರಿಯಾದೀತು.

ಸಿಂಧೂ ಬಯಲಿನ ಮೊಹೆಂಜೊದಾರೊ ಸುಟ್ಟ ಇಟ್ಟಿಗೆಯ ಊರು. ಅದೇ ನಾಗರಿಕತೆಯ ಧೋಲಾವೀರಾ ಕಛ್ ಪ್ರಾಂತದ ಕಲ್ಲುನೆಲದ ಮೇಲಿತ್ತು. ಅಲ್ಲಿ ಕೆತ್ತಿದ ಕಲ್ಲಿನ ಕೆಲಸವೇ ಬಹಳ. ಮುದ್ರೆ ಅದೇ, ಲಿಪಿ ಅದೇ. ಕಾಲ ಕೆಳಗಿನ ನೆಲ ಬೇರೆ.

ತೋಟದ ಹಾದಿಗೇ ಬಂದರೆ, ಮೊಗಲರ ನಿದರ್ಶನ ಇನ್ನೂ ಸೊಗಸಾದುದು. ಇಬ್ಬರು ದೊರೆಗಳನ್ನು ಹುಡುಕಬೇಕಾಗಿಲ್ಲ, ಷಹಜಹಾನನೊಬ್ಬನೇ ಸಾಕು. ಆಗ್ರಾದ ತಾಜಮಹಲಿನ ತೋಟದಲ್ಲಿ ನಡೆದಾರಿಗೆ ಕೆಂಪು ಮರಳುಗಲ್ಲು. ಆ ಕಲ್ಲು ಫತೇಪುರ್ ಸಿಕ್ರಿಯ ಸುತ್ತಲಿನ ಸೀಮೆಯಲ್ಲೇ ದೊರೆಯುತ್ತಿತ್ತು. ೧೬೪೧ರಲ್ಲಿ ಆರಂಭವಾಗಿ ಮರುವರ್ಷವೇ ಮುಗಿದ ಲಾಹೋರಿನ ಶಾಲಿಮಾರ್ ತೋಟದಲ್ಲಾದರೋ ನಡೆದಾರಿಗೆ ಇಟ್ಟಿಗೆ. ಬಾದಷಹನಿಗೆ ದುಡ್ಡಿನ ಬರವೇ? ಅಲ್ಲಿಯ ಮಂಟಪಗಳಿಗೆ ಅಮೃತಶಿಲೆ ದೂರದಿಂದ ಬಂದೇ ಬಂತು. ಆದರೆ ಹಾದಿಯೆಂಬುದು ಎಷ್ಟು ಗಾಡಿ ಸುರಿದರೂ ಸಾಲದೆನ್ನುವ ಬಾಯಿ. ಐದು ಹೊಳೆಗಳು ತಂದು ಹರಡಿದ ಪಂಜಾಬಿನ ಮೆಕ್ಕಲು ಬಯಲಿನಲ್ಲಿ ಅಗೆದಷ್ಟೂ ಮಣ್ಣು. ಕುಶಲಿಗಳು ಆ ಮಣ್ಣನ್ನೇ ಸಣ್ಣ ತೆಳು ಇಟ್ಟಿಗೆಗಳಾಗಿ ಸುಟ್ಟು, ನಾನಾ ವಿನ್ಯಾಸಗಳಲ್ಲಿ ಜೋಡಿಸಿ, ಹಾದಿಗೆ ಕಂಬಳಿಯ ನೇಯ್ಗೆಯಂಥ ಅಂದವನ್ನು ತಂದರು. ಕಲ್ಲಿಲ್ಲದ ಕೊರತೆ ಕಣ್ಣಿಗೆ ಕಾಣುವುದಿಲ್ಲ.

ನಮ್ಮ ಕಡೆಯ ಮಾತು ತಿರುಗುಮುರುಗು. ಹಂಪೆಯ ಗೋಪುರಗಳನ್ನು ನೋಡಿ: ಕೆಳಗಿನ ಅಂತಸ್ತು ಕರಿಕಲ್ಲು, ಮೇಲಿನ ನೆಲೆಗಳು ಇಟ್ಟಿಗೆ ಗಾರೆ. ಇಟ್ಟಿಗೆ ಹಗುರ, ಗಾರೆಯಲ್ಲಿ ಬೊಂಬೆ ಮಾಡುವುದು ಸುಲಭ. ಅದಕ್ಕಾಗಿ ಅದನ್ನು ಎತ್ತರಕ್ಕೇರಿಸಿದರು. ಹೆಜ್ಜೆ ಬೀಳುವ ಅಂಗಳಕ್ಕೆ, ಮೆಟ್ಟಿಲಿಗೆ ಕಲ್ಲು. ಬಂಡೆಗಳ ಮಧ್ಯೆ ಊರು ಕಟ್ಟಿದವರಿಗೆ ಈ ವಿವೇಕವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬೆಂಗಳೂರಿನ ಲಾಲ್‌ಬಾಗಿನಲ್ಲಿ, ಕೆಂಪೇಗೌಡರ ಗೋಪುರ ನಿಂತಿರುವ ಬಂಡೆಯ ವಯಸ್ಸು ಸುಮಾರು ೩೦೦ ಕೋಟಿ ವರ್ಷವೆಂದು ಭೂವಿಜ್ಞಾನಿಗಳ ಲೆಕ್ಕ. ಅದರ ಮಗ್ಗುಲಲ್ಲಿ ಹೈದರಾಲಿ ೧೭೬೦ರಲ್ಲಿ ತೋಟಕ್ಕೆ ಕೈಹಾಕಿದ. ೧೮೦೦ರಲ್ಲಿ ಬಂದ ಬುಕಾನನ್ ಕಂಡದ್ದು ಚೌಕ ಚೌಕವಾದ ಪಾತಿಗಳು, ನಡುನಡುವೆ ನಡೆದಾರಿ, ಇಕ್ಕೆಲಗಳಲ್ಲೂ ಸೈಪ್ರಸ್ ಮರಗಳ ಸಾಲು. ಬೆಂಗಳೂರಿನ ಬಂಡೆಯಿಂದ ಚಪ್ಪಡಿ ಏಳಿಸುತ್ತಿದ್ದ ಕ್ರಮವನ್ನು ವಾರ್ತ್ ಎಂಬಾತ ೧೮೯೫ರಲ್ಲಿ 'ನೇಚರ್' ಪತ್ರಿಕೆಗೆ ಬರೆದ. ಮದ್ದು ಸಿಡಿಸುತ್ತಿರಲಿಲ್ಲ. ಬಂಡೆಯ ಮೇಲೆ ಸೌದೆಯ ಬೆಂಕಿಯನ್ನು ಸಾಲಾಗಿ ಹಚ್ಚಿ, ಮೆಲ್ಲಮೆಲ್ಲನೆ ಮುಂದಕ್ಕೆ ಸರಿಸುತ್ತಿದ್ದರು. ಮೇಲಿನ ಪದರ ಕಾದು ಹಿಗ್ಗಿ, ಕೆಳಗಿನ ತಣ್ಣನೆಯ ಬಂಡೆಯಿಂದ ಬಿಡಿಸಿಕೊಳ್ಳುತ್ತಿತ್ತು. ಸುತ್ತಿಗೆಯಿಂದ ತಟ್ಟಿ, ಸದ್ದಿನಿಂದಲೇ ಎಲ್ಲಿಯವರೆಗೆ ಬಿಟ್ಟಿದೆಯೆಂದು ಕಲ್ಲುಕುಟಿಗ ಹೇಳಬಲ್ಲವನಾಗಿದ್ದ. ಆ ಚಪ್ಪಡಿಯೇ ಮನೆಯ ಸೂರು, ಮೋರಿಯ ಮುಚ್ಚಳ, ಹಿತ್ತಲಿನ ಹಾದಿ. ಇತ್ತ ಕೆರೆಯ ಹೂಳು ಎತ್ತಿದ ಮಣ್ಣು ಹೊಲಕ್ಕೂ ಇಟ್ಟಿಗೆಗೂಡಿಗೂ ಹೋಗುತ್ತಿತ್ತು. ಕೆರೆ ಆಳವಾಯಿತು, ಮನೆಯೂ ಎದ್ದಿತು. ಒಂದೇ ಗುದ್ದಲಿಯಲ್ಲಿ ಎರಡು ಕೆಲಸ.

ಆ ಲೆಕ್ಕ ಇಂದು ಉಳಿದಿಲ್ಲ. ಲಾರಿ ಇದ್ದರೆ ಸಾಕು, ಯಾವ ನೆಲದ ಕಲ್ಲು ಯಾವ ನೆಲಕ್ಕಾದರೂ ಬರುತ್ತದೆ. ಗೂಡಿಗೆ ಕೆರೆಗೋಡು ಸಾಲದೆ ಹೊಲದ ಮೇಲ್ಮಣ್ಣೇ ಹೋಗುತ್ತಿದೆ. ಕಲ್ಲಿಗಾಗಿ ಗುಡ್ಡಕ್ಕೆ ಗುಡ್ಡವೇ ಕರಗುತ್ತಿದೆ. ಬೆಳೆಯುವ ಮಣ್ಣನ್ನು ಸುಟ್ಟು ಅದರ ಮೇಲೆ ನಡೆಯುವುದು ನಮ್ಮ ತಲೆಯ ಮೇಲೆ ನಾವೇ ಚಪ್ಪಡಿ ಎಳೆದುಕೊಂಡಂತೆ. ಗುಡ್ಡ ಕರಗಿಸುವುದೂ ಅದಕ್ಕಿಂತ ಮೇಲೇನಲ್ಲ.

ಅನುಕೂಲದ ಮಾತನ್ನೂ ಹೇಳಬೇಕಷ್ಟೆ. ಅರೆಬೆಂದ ಇಟ್ಟಿಗೆ ಹಾದಿಗೆ ಬಾರದು. ನೀರು ಕುಡಿದು ಎರಡು ಮಳೆಗಾಲದಲ್ಲಿ ಪುಡಿಯಾಗುತ್ತದೆ. ಚೆನ್ನಾಗಿ ಬೆಂದದ್ದು, ತಟ್ಟಿದರೆ ಠಣ್ಣೆನ್ನುವಂಥದು, ತಾಳುತ್ತದೆ. ಆದರೆ ನೆರಳಿನಲ್ಲಿ ಪಾಚಿ ಹಿಡಿಯುತ್ತದೆ. ಕಲ್ಲಿಗೆ ಆ ಕಾಟ ಕಡಿಮೆ. ಉಳಿಯ ಗುರುತು ಮೇಲಿದ್ದರೆ ಕಾಲೂ ಜಾರದು. ಮಧ್ಯಾಹ್ನದ ಬಿಸಿಲಿಗೆ ಬರಿಗಾಲು ಸುಡುತ್ತದೆ, ನಿಜ. ಕನ್ನಡಿಯಂತೆ ಮೆರುಗುಕೊಟ್ಟ ಕಲ್ಲನ್ನು ಹಾದಿಗೆ ಹಾಸುವವರ ಬುದ್ಧಿಗೆ ಏನೆನ್ನಬೇಕೋ ತಿಳಿಯದು.

ನಮ್ಮ ಬಯಲುಸೀಮೆಯ ಮಟ್ಟಿಗೆ ನನ್ನ ಒಲವು ಕಲ್ಲಿನ ಕಡೆಗೆ, ಅದರಲ್ಲೂ ಹಳೆಯ ಕಲ್ಲಿನ ಕಡೆಗೆ. ಹಳೆಯದನ್ನು ಎತ್ತಿ ಬಳಸುವುದರಲ್ಲೂ ವಿವೇಕ ಬೇಕು. ೧೯ನೆಯ ಶತಮಾನದ ನಡುವಿನಲ್ಲಿ ರೈಲುಹಾದಿ ಹಾಕಿದವರು ಹರಪ್ಪೆಯ ಇಟ್ಟಿಗೆಗಳನ್ನು ಅಗೆದು ಕಂಬಿಯ ಕೆಳಗೆ ಸುರಿದು, ಒಂದು ಪಟ್ಟಣದ ಚರಿತ್ರೆಯನ್ನೇ ಕಲಕಿಬಿಟ್ಟರು. ನಮ್ಮ ಕಾಲೇಜಿನ ಸಂಗತಿ ಅಂಥದಲ್ಲ. ಹಳೆಯ ವಿದ್ಯಾರ್ಥಿನಿಲಯ ಕೆಡವಿದಾಗ ಬಂದ ನೆಲಹಾಸಿನ ಚಪ್ಪಡಿಗಳು ಹಿತ್ತಲಲ್ಲಿ ಬಿದ್ದಿವೆ. ಅವನ್ನು ಮಾರಿ, ತೋಟದ ಹಾದಿಗೆ ಹೊಸ ಇಟ್ಟಿಗೆ ಕೊಳ್ಳಬೇಕೆಂದು ತೋಟದ ಸಮಿತಿಯಲ್ಲಿ ಒಂದು ಸಲಹೆ ಬಂದಿದೆ. ಬರುವ ಸೋಮವಾರ ಅದರ ತೀರ್ಮಾನ. ನಾನು ಹೋಗಿ ಎಣಿಸಿ ಬಂದಿದ್ದೇನೆ: ೧೪೦ ಚಪ್ಪಡಿ, ಒಂದೊಂದೂ ಮೂರಡಿ ಉದ್ದ, ಒಂದೂವರೆ ಅಡಿ ಅಗಲ. ಅಡ್ಡಡ್ಡ ಹಾಸಿದರೆ ೨೧೦ ಅಡಿ. ಬಾಗಿಲಿನಿಂದ ಗ್ರಂಥಾಲಯಕ್ಕೆ ಇರುವುದು ೨೦೦ ಅಡಿ. ಮಿಕ್ಕ ಐದಾರು ಕಲ್ಲು ಹೊಂಗೆಮರದ ಕೆಳಗೆ ಹುಡುಗರು ಕೂರಲು ಆದೀತು.