ಬರಿಮೈ ಮತ್ತು ಮೇಲುಡುಗೆ

ಸೆಕೆಯ ನಾಡುಗಳಲ್ಲಿ ಜನರು ಬೀದಿ, ಅಂಗಡಿ, ಸಂತೆಗಳಲ್ಲಿ ಬರಿಮೈಯಲ್ಲಿ ತಿರುಗುವುದಕ್ಕೆ ಹವೆಯೊಂದೇ ಕಾರಣವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಚರಿತ್ರೆಯು ಈ ಭಾವನೆಯನ್ನು ಪೂರ್ಣವಾಗಿ ಸಮರ್ಥಿಸುವುದಿಲ್ಲ. ತಿರುವಾಂಕೂರಿನಲ್ಲಿ ಮೇಲ್ಜಾತಿಯವರ ಮುಂದೆ ಎದೆಯನ್ನು ತೆರೆದಿಡುವುದು ವಿನಯದ ಕಡ್ಡಾಯ ಚಿಹ್ನೆಯಾಗಿದ್ದಿತು. 1858ರಲ್ಲಿ ಮೇಲುವಸ್ತ್ರ ಹೊದೆದು ಪೇಟೆಗೆ ಬಂದ ನಾಡಾರ್ ಸ್ತ್ರೀಯರ ಬಟ್ಟೆಗಳನ್ನು ಹರಿದುಹಾಕಲಾಯಿತು. 1859ರ ಜುಲೈ 26ರ ರಾಜಘೋಷಣೆಯು ಅವರಿಗೆ ಮೈಮುಚ್ಚುವ ಹಕ್ಕನ್ನು ನೀಡಿತಾದರೂ, ಮೇಲ್ಜಾತಿಯ ಸ್ತ್ರೀಯರಂತೆ ಉಡಕೂಡದೆಂಬ ನಿರ್ಬಂಧವನ್ನು ಉಳಿಸಿಕೊಂಡಿತು. ಇದಕ್ಕೆ ವ್ಯತಿರಿಕ್ತವಾಗಿ, ಗಾಂಧೀಜಿಯವರು 1921ರ ಸೆಪ್ಟೆಂಬರ್ 22ರಂದು ಮಧುರೆಯಲ್ಲಿ ಅಂಗಿಯನ್ನು ತ್ಯಜಿಸಿ, ಬಡವರ ತುಂಡುಪಂಚೆಯನ್ನು ತಾವಾಗಿಯೇ ಸ್ವೀಕರಿಸಿದರು. 1931ರ ನವೆಂಬರಿನ ಚಳಿಯಲ್ಲಿಯೂ ಅದನ್ನೇ ಉಟ್ಟು, ಶಾಲು ಹೊದೆದು ಬಕಿಂಗ್‌ಹ್ಯಾಮ್ ಅರಮನೆಗೆ ಹೋದರು. ಆದಕಾರಣ ಬರಿಮೈಯ ಅರ್ಥವನ್ನು ನಿರ್ಣಯಿಸುವುದು ಹವೆಯಲ್ಲ. ಅದು ಸ್ವಇಚ್ಛೆಯಿಂದ ಬಂದುದೋ ಪರರ ಆಜ್ಞೆಯಿಂದ ಬಂದುದೋ ಎಂಬ ಪ್ರಶ್ನೆಯೇ ಮುಖ್ಯವೆಂದು ನಮ್ಮ ಅಭಿಪ್ರಾಯ.