ಬಳಸಿದ ಸ್ಪೋರ್ಟ್ಸ್ ಕಾರು ಖರೀದಿಸಿದ ನಂತರ ಕಂಡುಬರುವ ಯಾಂತ್ರಿಕ ದೋಷಗಳು: ಖರೀದಿದಾರರು ಅನುಸರಿಸಬೇಕಾದ ಕ್ರಮಗಳು

ಸಾರ್ವಜನಿಕ ಮಾಹಿತಿ

ಬಳಸಿದ ಸ್ಪೋರ್ಟ್ಸ್ ಕಾರು ಅಥವಾ ಅಧಿಕ ಸಾಮರ್ಥ್ಯದ ಎಂಜಿನ್ ಉಳ್ಳ ಕಾರನ್ನು ಖರೀದಿಸಿದ ಕೆಲವೇ ದಿನಗಳಲ್ಲಿ ಎಂಜಿನ್, ಗೇರ್‌ಬಾಕ್ಸ್ ಅಥವಾ ಟರ್ಬೊ ಕೆಟ್ಟು, ಖರೀದಿ ಬೆಲೆಯ ದೊಡ್ಡ ಭಾಗದಷ್ಟು ದುರಸ್ತಿ ವೆಚ್ಚ ತಗಲುವ ಪ್ರಸಂಗಗಳು ಉಂಟು. ಇಂತಹ ಸಂದರ್ಭಗಳಲ್ಲಿ ಮಾರಾಟಗಾರರ ವಿರುದ್ಧ ಪ್ರಾದೇಶಿಕ ಸಾರಿಗೆ ಕಚೇರಿಗೆ ದೂರು ಸಲ್ಲಿಸಿದರೆ ಪರಿಹಾರ ದೊರೆಯುವುದೆಂಬ ಭಾವನೆ ಸಾರ್ವಜನಿಕರಲ್ಲಿದೆ. ವಾಹನದ ನೋಂದಣಿ, ಮಾಲೀಕತ್ವ ವರ್ಗಾವಣೆ ಮತ್ತು ತೆರಿಗೆಗೆ ಸಂಬಂಧಿಸಿದ ಅರ್ಜಿಗಳನ್ನು ಮಾತ್ರ ನೋಂದಣಿ ಪ್ರಾಧಿಕಾರವು ಇತ್ಯರ್ಥಪಡಿಸುತ್ತದೆ. ಬೆಲೆಯನ್ನು ಹಿಂದಿರುಗಿಸುವಂತೆ ಅಥವಾ ದುರಸ್ತಿ ವೆಚ್ಚವನ್ನು ಭರಿಸುವಂತೆ ಆದೇಶಿಸುವ ಅಧಿಕಾರ ಅದಕ್ಕೆ ಇರುವುದಿಲ್ಲ. ಆ ಅಧಿಕಾರ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಗಳಿಗೆ ಅಥವಾ ಸಿವಿಲ್ ನ್ಯಾಯಾಲಯಗಳಿಗೆ ಸೇರಿದ್ದಾಗಿದೆ. ದೋಷ ಕಂಡುಬಂದ ದಿನದಿಂದ ದೂರು ಸಲ್ಲಿಸುವವರೆಗೆ ಖರೀದಿದಾರರು ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಇಲ್ಲಿ ತಿಳಿಸಲಾಗಿದೆ.

ದುರಸ್ತಿಗೆ ಮೊದಲು ದಾಖಲೆ

ದೋಷ ಕಾಣಿಸಿಕೊಂಡ ಕೂಡಲೇ ವಾಹನವನ್ನು ಸಮೀಪದ ಗ್ಯಾರೇಜಿಗೆ ಒಯ್ದು ಬಿಚ್ಚಿಸುವುದು ಸಹಜ. ಆದರೆ ಪರಿಹಾರದ ಹಕ್ಕಿಗೆ ಅತಿ ಹೆಚ್ಚು ಹಾನಿಯಾಗುವುದು ಇದರಿಂದಲೇ. ಒಮ್ಮೆ ಗೇರ್‌ಬಾಕ್ಸ್ ಬಿಚ್ಚಿದ ಮೇಲೆ, ದೋಷವು ಮಾರಾಟದ ದಿನವೇ ಇತ್ತೆಂದು ಖರೀದಿದಾರರೂ, ಗ್ಯಾರೇಜಿನ ಕೆಲಸದಿಂದಲೇ ಉಂಟಾಯಿತೆಂದು ಮಾರಾಟಗಾರರೂ ವಾದಿಸುತ್ತಾರೆ. ರುಜುವಾತುಪಡಿಸುವ ಹೊಣೆ ದೂರುದಾರರದ್ದಾದುದರಿಂದ, ದಾಖಲೆಯಿಲ್ಲದ ದೂರು ಎಷ್ಟೇ ನ್ಯಾಯವಾದುದಾಗಿದ್ದರೂ ನಿಲ್ಲುವುದು ಕಷ್ಟ.

ಆದುದರಿಂದ ಮೊದಲು ವಾಹನವನ್ನು ಓಡಿಸುವುದನ್ನು ನಿಲ್ಲಿಸತಕ್ಕದ್ದು. ಎಂಜಿನ್ ಆಯಿಲ್ ಒತ್ತಡದ ಅಥವಾ ತಾಪಮಾನದ ಎಚ್ಚರಿಕೆ ದೀಪ ಬೆಳಗಿದ ನಂತರವೂ ಓಡಿಸಿದಲ್ಲಿ, ಮುಂದಿನ ಹಾನಿಗೆ ಖರೀದಿದಾರರೇ ಹೊಣೆಯೆಂಬ ವಾದಕ್ಕೆ ಅವಕಾಶವಾಗುತ್ತದೆ. ವಾಹನವನ್ನು ಸಾಗಿಸಬೇಕಾದಲ್ಲಿ ನಾಲ್ಕೂ ಚಕ್ರಗಳನ್ನು ಮೇಲೇರಿಸಿ ಒಯ್ಯುವ ಫ್ಲಾಟ್‌ಬೆಡ್ ವಾಹನವನ್ನೇ ಬಳಸುವುದು ಸೂಕ್ತ. ಎಂಜಿನ್‌ನಿಂದ ಚಾಲನೆ ಪಡೆಯುವ ಚಕ್ರಗಳು ನೆಲದ ಮೇಲೆ ಉರುಳುವಂತೆ ಎಳೆದೊಯ್ದರೆ ಸ್ವಯಂಚಾಲಿತ ಗೇರ್‌ಬಾಕ್ಸ್‌ಗೆ ಹೊಸ ಹಾನಿ ಆಗಬಹುದು.

ಬಳಿಕ ಓಡೋಮೀಟರ್, ಎಚ್ಚರಿಕೆ ದೀಪಗಳು, ಸೋರಿಕೆ ಹಾಗೂ ಶಬ್ದವನ್ನು ದಿನಾಂಕ ಸಹಿತ ಛಾಯಾಚಿತ್ರ ಮತ್ತು ವೀಡಿಯೊಗಳಲ್ಲಿ ದಾಖಲಿಸಿಕೊಳ್ಳಬೇಕು. ವಾಹನದ ಕಂಪ್ಯೂಟರಿನಲ್ಲಿರುವ ದೋಷ ಸಂಕೇತಗಳನ್ನು ಸ್ಕ್ಯಾನರ್ ಮೂಲಕ ಓದಿಸಿ ಅದರ ಮುದ್ರಿತ ಪ್ರತಿಯನ್ನು ಪಡೆಯತಕ್ಕದ್ದು. ಈ ಪ್ರತಿ ದೊರೆಯುವವರೆಗೆ ಸಂಕೇತಗಳನ್ನು ಅಳಿಸಲು ಯಾರಿಗೂ ಅವಕಾಶ ಕೊಡಬಾರದು. ಕೆಲವು ವಾಹನಗಳಲ್ಲಿ ಬ್ಯಾಟರಿ ಸಂಪರ್ಕ ತೆಗೆದರೂ ಅವು ಅಳಿಸಿಹೋಗುತ್ತವೆ. ಅನೇಕ ವಾಹನಗಳು, ಸಂಕೇತಗಳನ್ನು ಕೊನೆಯ ಬಾರಿ ಅಳಿಸಿದ ನಂತರ ಎಷ್ಟು ದೂರ ಕ್ರಮಿಸಲಾಗಿದೆ ಎಂಬುದನ್ನೂ ದಾಖಲಿಸುತ್ತವೆ. ಖರೀದಿಯ ದಿನದಿಂದ ವಾಹನ 300 ಕಿ.ಮೀ. ಓಡಿದ್ದು, ಸಂಕೇತಗಳನ್ನು ಅಳಿಸಿದ ನಂತರದ ದೂರ 320 ಕಿ.ಮೀ. ಎಂದಿದ್ದರೆ, ಎಚ್ಚರಿಕೆ ದೀಪವನ್ನು ಮಾರಾಟಕ್ಕೆ ಸ್ವಲ್ಪ ಮೊದಲು ಆರಿಸಲಾಗಿತ್ತೇ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ.

ಮೂರನೆಯದಾಗಿ ಲಿಖಿತ ತಪಾಸಣಾ ವರದಿ. ಇದನ್ನು ತಯಾರಕರ ಅಧಿಕೃತ ಸರ್ವಿಸ್ ಕೇಂದ್ರದಿಂದ ಅಥವಾ ಪರವಾನಗಿ ಹೊಂದಿರುವ ವಾಹನ ಸರ್ವೇಯರ್ ಅವರಿಂದ ಪಡೆಯಬಹುದು. ವರದಿಯಲ್ಲಿ ಚಾಸಿಸ್ ಸಂಖ್ಯೆ, ಎಂಜಿನ್ ಸಂಖ್ಯೆ, ಓಡೋಮೀಟರ್ ಅಂಕಿ ಮತ್ತು ದೋಷದ ಸಂಭವನೀಯ ಕಾರಣ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆ ದೋಷ ಬೆಳೆಯಲು ಎಷ್ಟು ಕಾಲ ಹಿಡಿಯುತ್ತದೆ ಎಂಬ ಅಭಿಪ್ರಾಯ ಇರಬೇಕು. ಸಿಲಿಂಡರ್ ಗೋಡೆಯ ಗೀರುಗಳನ್ನು ಸಣ್ಣ ಕ್ಯಾಮೆರಾ ಇಳಿಸಿ ನೋಡಬಹುದು. ಆಯಿಲ್ ಫಿಲ್ಟರನ್ನು ಕತ್ತರಿಸಿ ಲೋಹದ ಚೂರುಗಳಿವೆಯೇ ಎಂದು ಪರೀಕ್ಷಿಸಬಹುದು. "ಗೇರ್‌ಬಾಕ್ಸ್ ಕೆಟ್ಟಿದೆ" ಎಂಬ ಒಂದು ಸಾಲಿನ ವರದಿಯಿಂದ ಪ್ರಯೋಜನವಿಲ್ಲ. ತಪಾಸಣೆಯ ದಿನಾಂಕವನ್ನು ಮಾರಾಟಗಾರರಿಗೆ ಮುಂಚಿತವಾಗಿ ತಿಳಿಸಿ ಹಾಜರಿರಲು ಆಹ್ವಾನಿಸುವುದು ಒಳಿತು. ಬದಲಾಯಿಸಿದ ಭಾಗಗಳನ್ನು ಗ್ಯಾರೇಜಿನಲ್ಲಿ ಬಿಡದೆ, ಚೀಟಿ ಅಂಟಿಸಿ ತಮ್ಮಲ್ಲೇ ಇಟ್ಟುಕೊಳ್ಳತಕ್ಕದ್ದು.

ಮಾರಾಟಗಾರರಿಗೆ ವಿಳಂಬವಿಲ್ಲದೆ ತಿಳುವಳಿಕೆ

ಸರಕು ಮಾರಾಟ ಅಧಿನಿಯಮ, 1930ರ ಪ್ರಕಾರ, ತಿರಸ್ಕರಿಸಿರುವುದಾಗಿ ತಿಳಿಸದೆ ಯುಕ್ತ ಕಾಲಾವಧಿಗಿಂತ ಹೆಚ್ಚು ಸಮಯ ಸರಕನ್ನು ತಮ್ಮಲ್ಲಿ ಇಟ್ಟುಕೊಂಡ ಖರೀದಿದಾರರು ಅದನ್ನು ಸ್ವೀಕರಿಸಿದ್ದಾರೆಂದೇ ಭಾವಿಸಲಾಗುತ್ತದೆ. ಸ್ವೀಕರಿಸಿದ ನಂತರ ಸಾಮಾನ್ಯವಾಗಿ ನಷ್ಟ ಪರಿಹಾರವನ್ನು ಕೇಳಬಹುದೇ ಹೊರತು ವಾಹನವನ್ನು ಹಿಂದಿರುಗಿಸುವ ಹಕ್ಕು ಉಳಿಯುವುದಿಲ್ಲ. "ಮುಂದಿನ ವಾರ ನೋಡೋಣ" ಎಂಬ ದೂರವಾಣಿ ಮಾತಿನ ಮೇಲೆ ತಿಂಗಳುಗಟ್ಟಲೆ ಕಾಯುವುದು ಈ ಕಾರಣದಿಂದ ಅಪಾಯಕರ. ದೋಷದ ವಿವರ, ತಪಾಸಣಾ ವರದಿಯ ಪ್ರತಿ ಮತ್ತು ಕೋರುವ ಪರಿಹಾರವನ್ನು ಬರವಣಿಗೆಯಲ್ಲಿ, ಸ್ವೀಕೃತಿ ದೊರೆಯುವ ಸ್ಪೀಡ್ ಪೋಸ್ಟ್ ಮೂಲಕವೂ ಇ-ಮೇಲ್ ಮೂಲಕವೂ ಕಳುಹಿಸಬೇಕು. ಉತ್ತರಕ್ಕೆ 15 ದಿನಗಳ ಕಾಲಾವಕಾಶ ನೀಡಬಹುದು.

ದೋಷ ಮತ್ತು ಸವೆತ

ಬಳಸಿದ ವಾಹನದಲ್ಲಿ ಸವೆತ ಇದ್ದೇ ಇರುತ್ತದೆ. ಕ್ಲಚ್, ಬ್ರೇಕ್ ಪ್ಯಾಡ್, ಟೈರ್, ಬ್ಯಾಟರಿ ಮೊದಲಾದವು ವಾಹನದ ವಯಸ್ಸಿಗೆ ತಕ್ಕಂತೆ ಸವೆದಿದ್ದರೆ ಅದನ್ನು ದೋಷವೆನ್ನಲಾಗದು. ಸ್ಪೋರ್ಟ್ಸ್ ಕಾರುಗಳಲ್ಲಿ ಇಂತಹ ಭಾಗಗಳ ಬೆಲೆಯೇ ದುಬಾರಿಯಾಗಿರುವುದರಿಂದ ಸವೆತವೂ ಮೋಸದಂತೆ ತೋರುವುದು ಸಹಜ. ಕಡಿಮೆ ಓಡಿದೆ ಎಂಬುದೂ ಈ ಕಾರುಗಳ ವಿಷಯದಲ್ಲಿ ಪೂರ್ಣ ಭರವಸೆಯಲ್ಲ. ವರ್ಷಗಟ್ಟಲೆ ನಿಂತ ವಾಹನದಲ್ಲಿ ರಬ್ಬರ್ ಸೀಲುಗಳು ಒಣಗಿ ಆಯಿಲ್ ಮತ್ತು ಕೂಲಂಟ್ ಸೋರತೊಡಗುತ್ತವೆ, ಟೈರುಗಳು ಗಟ್ಟಿಯಾಗುತ್ತವೆ. ಟೈರಿನ ಬದಿಯಲ್ಲಿರುವ ನಾಲ್ಕು ಅಂಕಿಗಳು ಅದರ ತಯಾರಿಕೆಯ ವಾರ ಮತ್ತು ವರ್ಷವನ್ನು ಸೂಚಿಸುತ್ತವೆ: 2319 ಎಂದರೆ 2019ರ 23ನೇ ವಾರ.

ಮರೆಮಾಚುವಿಕೆ ಬೇರೆಯೇ ವಿಷಯ. ಓಡೋಮೀಟರನ್ನು ಹಿಂದಕ್ಕೆ ತಿರುಗಿಸಿರುವುದು, ಅಪಘಾತದಲ್ಲಿ ಬಾಗಿದ ಚಾಸಿಸ್ಸನ್ನು ಮುಚ್ಚಿಟ್ಟಿರುವುದು, ನೀರಿನಲ್ಲಿ ಮುಳುಗಿದ ವಾಹನವನ್ನು ತೊಳೆದು ಮಾರಿರುವುದು ಇದಕ್ಕೆ ಉದಾಹರಣೆಗಳು. 2022ರ ಸೆಪ್ಟೆಂಬರ್ ತಿಂಗಳ ಮಳೆಯಲ್ಲಿ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳಲ್ಲಿ ಬೆಲೆಬಾಳುವ ಅನೇಕ ಕಾರುಗಳು ಮುಳುಗಿದ್ದವು. ಆ ಅವಧಿಗೆ ಮುಂಚೆ ನೋಂದಣಿಯಾಗಿ ನಗರದಲ್ಲಿದ್ದ ವಾಹನವಾದಲ್ಲಿ ವಿಮಾ ಕ್ಲೇಮುಗಳ ವಿವರವನ್ನು ಕೇಳುವುದು ಅನುಚಿತವಲ್ಲ. ಸೀಟ್ ಬೆಲ್ಟನ್ನು ಪೂರ್ತಿ ಎಳೆದಾಗ ಕಾಣುವ ಕೆಸರಿನ ಗೆರೆ, ನೆಲಹಾಸಿನ ಕೆಳಗಿನ ತೇವ ಮತ್ತು ವಿದ್ಯುತ್ ಕನೆಕ್ಟರುಗಳಲ್ಲಿನ ತುಕ್ಕು ಮುಳುಗಡೆಯ ಗುರುತುಗಳಾಗಿವೆ. ಓಡೋಮೀಟರ್ ಅಂಕಿಯನ್ನು ಅಧಿಕೃತ ಸರ್ವಿಸ್ ಕೇಂದ್ರದ ಹಳೆಯ ದಾಖಲೆಗಳೊಂದಿಗೆ ಹೋಲಿಸಿ ನೋಡಬಹುದು.

ಒಪ್ಪಂದ ಪತ್ರದಲ್ಲಿ "ಇದ್ದ ಸ್ಥಿತಿಯಲ್ಲಿ ಮಾರಲಾಗಿದೆ" ಎಂದು ಬರೆದಿದ್ದರೂ, ತಿಳಿದೂ ಹೇಳಿದ ಸುಳ್ಳಿಗೆ ಅದು ರಕ್ಷಣೆ ನೀಡುವುದಿಲ್ಲ. ಆದರೆ ಖರೀದಿಗೆ ಮುನ್ನ ವಾಹನವನ್ನು ಪರೀಕ್ಷಿಸಿದ್ದಲ್ಲಿ, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷಗಳ ಬಗ್ಗೆ ಸರಕಿನ ಗುಣಮಟ್ಟದ ಕುರಿತ ಸೂಚ್ಯ ಷರತ್ತು ಅನ್ವಯಿಸುವುದಿಲ್ಲವೆಂಬುದನ್ನೂ ಗಮನಿಸಬೇಕು.

ಮಾರಿದವರು ಯಾರು?

ಯಾವ ಕಡೆಗೆ ಹೋಗಬೇಕೆಂಬುದು ಇದರ ಮೇಲೆ ನಿಂತಿದೆ. ವಾಹನ ಮಾರಾಟವನ್ನೇ ವೃತ್ತಿಯಾಗಿ ನಡೆಸುವ ಡೀಲರ್ ಅಥವಾ ಸಂಸ್ಥೆಯಿಂದ ಖರೀದಿಸಿದ್ದಲ್ಲಿ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರಡಿ ದೂರು ಸಲ್ಲಿಸಬಹುದು. ಬಳಸಿದ ವಾಹನಗಳ ಡೀಲರುಗಳು 2023ರ ಏಪ್ರಿಲ್ 1ರಿಂದ ಕೇಂದ್ರ ಮೋಟಾರು ವಾಹನ ನಿಯಮಗಳಡಿ ನೋಂದಣಿ ಪ್ರಾಧಿಕಾರದ ಅಧಿಕಾರ ಪತ್ರ ಪಡೆಯಬೇಕಾಗಿದ್ದು, ಮಾರಾಟಕ್ಕಾಗಿ ತಮ್ಮ ವಶಕ್ಕೆ ಬಂದ ವಾಹನದ ಬಗ್ಗೆ ಪ್ರಾಧಿಕಾರಕ್ಕೆ ತಿಳಿಸತಕ್ಕದ್ದಾಗಿದೆ. ಆ ಅವಧಿಗೆ ಅವರೇ ಮಾಲೀಕರೆಂದು ಭಾವಿಸಲಾಗುತ್ತದೆ. "ನಾನು ಕೇವಲ ಮಧ್ಯವರ್ತಿ" ಎಂದು ಹೇಳುವ ಡೀಲರುಗಳಿಗೆ ಇದನ್ನು ತೋರಿಸಬಹುದು.

ತಮ್ಮ ಸ್ವಂತ ಕಾರನ್ನು ಮಾರುವ ಖಾಸಗಿ ವ್ಯಕ್ತಿಯು ಸಾಮಾನ್ಯವಾಗಿ ವ್ಯಾಪಾರಿ ಎನಿಸುವುದಿಲ್ಲ. ಇಂತಹ ಪ್ರಕರಣಗಳಲ್ಲಿ ಭಾರತೀಯ ಕರಾರು ಅಧಿನಿಯಮ, 1872ರ ಅಡಿಯಲ್ಲಿ ವಂಚನೆ ಅಥವಾ ತಪ್ಪು ನಿರೂಪಣೆಯ ಆಧಾರದ ಮೇಲೆ ಸಿವಿಲ್ ದಾವೆ ಹೂಡುವುದೇ ಮಾರ್ಗ. ಬರೀ ಮೌನವು ಸಾಮಾನ್ಯವಾಗಿ ವಂಚನೆಯಲ್ಲ. ಆದುದರಿಂದ ಮಾರಾಟಕ್ಕೆ ಮುನ್ನ ಕೇಳಿದ ಪ್ರಶ್ನೆಗಳು, ಬಂದ ಉತ್ತರಗಳು ಮತ್ತು ಜಾಹೀರಾತಿನ ಪ್ರತಿಯನ್ನು ಕಾಪಾಡಿಕೊಳ್ಳಬೇಕು. ಮೊಬೈಲಿನಲ್ಲಿ "ಅಪಘಾತವಾಗಿಲ್ಲ" ಎಂದು ಬಂದ ಒಂದು ಸಾಲು ಮುಂದೆ ಬಹಳ ಬೆಲೆಬಾಳಬಹುದು.

ಮಾಲೀಕತ್ವ ವರ್ಗಾವಣೆಯನ್ನು ತಡೆಹಿಡಿಯಬಾರದು

ಮಾರಾಟಗಾರರ ಮೇಲೆ ಒತ್ತಡ ತರುವ ಉದ್ದೇಶದಿಂದ ಕೆಲವರು ಹೆಸರು ಬದಲಾವಣೆಯ ಅರ್ಜಿಯನ್ನು ಸಲ್ಲಿಸದೆ ಬಿಡುತ್ತಾರೆ. ಇದು ಸರಿಯಲ್ಲ. ಮೋಟಾರು ವಾಹನ ಅಧಿನಿಯಮ, 1988ರ 50ನೇ ಪ್ರಕರಣದಂತೆ ವಾಹನ ಪಡೆದವರು 30 ದಿನಗಳೊಳಗೆ ತಮ್ಮ ವಾಸಸ್ಥಳದ ನೋಂದಣಿ ಪ್ರಾಧಿಕಾರಕ್ಕೆ ವರ್ಗಾವಣೆಯನ್ನು ವರದಿ ಮಾಡತಕ್ಕದ್ದು. ಇದಕ್ಕೆ ನಮೂನೆ 29 ಮತ್ತು 30 ಅಗತ್ಯ. ಸಾಲದ ನಮೂದು ಇದ್ದಲ್ಲಿ ಅದನ್ನು ರದ್ದುಪಡಿಸಲು ನಮೂನೆ 35 ಬೇಕಾಗುತ್ತದೆ. ಹೆಸರು ಬದಲಾಗದ ವಾಹನದಿಂದ ಅಪಘಾತವಾದಲ್ಲಿ ನೋಂದಾಯಿತ ಮಾಲೀಕರೇ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಮಾನಿಸಿದೆ. ಖರೀದಿದಾರರಿಗೂ ತಮ್ಮ ಹೆಸರಿನಲ್ಲಿಲ್ಲದ ವಾಹನದ ಬಗ್ಗೆ ವಿಮೆಯ ಕ್ಲೇಮು ಮಾಡುವುದು ಕಷ್ಟವಾಗುತ್ತದೆ. ವಾಹನವನ್ನು ಹಿಂದಿರುಗಿಸುವುದಾಗಿ ಈಗಾಗಲೇ ಲಿಖಿತವಾಗಿ ತಿಳಿಸಿದ್ದಲ್ಲಿ ಮಾತ್ರ, ಅರ್ಜಿಗೆ ಮುನ್ನ ವಕೀಲರ ಸಲಹೆ ಪಡೆಯುವುದು ಸೂಕ್ತ.

ಹೊರ ರಾಜ್ಯದಿಂದ ತಂದ ವಾಹನಗಳಿಗೆ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ ಬೇಕು. ಕರ್ನಾಟಕದಲ್ಲಿ ಮರುನೋಂದಣಿ ಮಾಡಿಸುವಾಗ ವಾಹನದ ವಯಸ್ಸಿಗೆ ಅನುಗುಣವಾಗಿ ಜೀವಿತಾವಧಿ ತೆರಿಗೆಯನ್ನೂ ಪಾವತಿಸಬೇಕಾಗುತ್ತದೆ. ಕಡಿಮೆ ಬೆಲೆಗೆ ಸಿಕ್ಕಿತೆಂದು ದೂರದಿಂದ ತರುವವರು ಈ ಮೊತ್ತವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಅವಶ್ಯ.

ಮಾರ್ಪಡಿಸಿದ ವಾಹನಗಳು

ಹಿಂದಿನ ಮಾಲೀಕರು ಶಕ್ತಿ ಹೆಚ್ಚಿಸಲು ಎಂಜಿನ್ ಕಂಪ್ಯೂಟರಿನ ತಂತ್ರಾಂಶವನ್ನು ಬದಲಾಯಿಸಿರುವುದು, ಸೈಲೆನ್ಸರ್ ತೆಗೆಸಿರುವುದು ಇಂತಹ ಕಾರುಗಳಲ್ಲಿ ಕಂಡುಬರುತ್ತದೆ. ಇದರಿಂದ ತಯಾರಕರ ವಾರಂಟಿ ನಿರಾಕರಣೆಗೆ ಒಳಗಾಗಬಹುದು. ಅಲ್ಲದೆ 52ನೇ ಪ್ರಕರಣಕ್ಕೆ ವಿರುದ್ಧವಾದ ಮಾರ್ಪಾಡು ಮಾಡಿದ ಮಾಲೀಕರಿಗೆ 182ಎ ಪ್ರಕರಣದಡಿ ಆರು ತಿಂಗಳವರೆಗೆ ಕಾರಾವಾಸ ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಕೆಟ್ಟ ಎಂಜಿನ್ ಬದಲು ಬೇರೊಂದು ಎಂಜಿನ್ ಅಳವಡಿಸಿದಲ್ಲಿ ಅದನ್ನು ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಿ ನೋಂದಣಿ ಪತ್ರದಲ್ಲಿ ನಮೂದಿಸಿಕೊಳ್ಳತಕ್ಕದ್ದು. ಎಂಜಿನ್ ಸಂಖ್ಯೆ ತಾಳೆಯಾಗದ ವಾಹನವನ್ನು ಮುಂದೆ ಮಾರುವುದೂ, ವಿಮೆ ಪಡೆಯುವುದೂ ಕಷ್ಟ.

ಸಾಮಾನ್ಯ ವಾಹನ ವಿಮೆಯು ಯಾಂತ್ರಿಕ ಹಾಗೂ ವಿದ್ಯುತ್ ವೈಫಲ್ಯಗಳಿಗೆ ಅನ್ವಯಿಸುವುದಿಲ್ಲ. ವಿಮೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು 14 ದಿನಗಳೊಳಗೆ ಕಂಪನಿಗೆ ಅರ್ಜಿ ಸಲ್ಲಿಸಬೇಕು.

ಗ್ರಾಹಕ ಆಯೋಗಕ್ಕೆ ದೂರು

ಯಾವ ಆಯೋಗವೆಂಬುದು ದುರಸ್ತಿ ವೆಚ್ಚದಿಂದಲ್ಲ, ವಾಹನಕ್ಕೆ ಪಾವತಿಸಿದ ಬೆಲೆಯಿಂದ ನಿರ್ಧಾರವಾಗುತ್ತದೆ. ರೂ. 50 ಲಕ್ಷದವರೆಗೆ ಜಿಲ್ಲಾ ಆಯೋಗ, ಅದಕ್ಕೆ ಮೇಲ್ಪಟ್ಟು ರೂ. 2 ಕೋಟಿಯವರೆಗೆ ರಾಜ್ಯ ಆಯೋಗ, ಅದಕ್ಕೂ ಹೆಚ್ಚಾದಲ್ಲಿ ರಾಷ್ಟ್ರೀಯ ಆಯೋಗ. ಶುಲ್ಕವು ರೂ. 5 ಲಕ್ಷದವರೆಗೆ ಇರುವುದಿಲ್ಲ. 10 ಲಕ್ಷದವರೆಗೆ ರೂ. 200, 20 ಲಕ್ಷದವರೆಗೆ ರೂ. 400, 50 ಲಕ್ಷದವರೆಗೆ ರೂ. 1,000, ಒಂದು ಕೋಟಿಯವರೆಗೆ ರೂ. 2,000 ಮತ್ತು ಎರಡು ಕೋಟಿಯವರೆಗೆ ರೂ. 2,500. ದೂರನ್ನು ಕಾರಣ ಉದ್ಭವಿಸಿದ ದಿನದಿಂದ ಎರಡು ವರ್ಷಗಳೊಳಗೆ ಸಲ್ಲಿಸಬೇಕು. ದೂರುದಾರರು ವಾಸಿಸುವ ಅಥವಾ ಉದ್ಯೋಗ ಮಾಡುವ ಸ್ಥಳದ ಆಯೋಗದಲ್ಲೇ ಸಲ್ಲಿಸಬಹುದಾದ್ದರಿಂದ, ದೆಹಲಿಯ ಡೀಲರಿನಿಂದ ಕಾರು ತಂದ ಮೈಸೂರಿನ ನಿವಾಸಿ ದೆಹಲಿಗೆ ಹೋಗಬೇಕಾಗಿಲ್ಲ. ವಕೀಲರನ್ನು ನೇಮಿಸುವುದು ಕಡ್ಡಾಯವಲ್ಲ.

ಕಾರು ಕಂಪನಿಯ ಹೆಸರಿನಲ್ಲಿದ್ದರೆ "ವಾಣಿಜ್ಯ ಉದ್ದೇಶ" ಎಂಬ ಆಕ್ಷೇಪ ಬರುವುದುಂಟು. ನಿರ್ದೇಶಕರ ಸ್ವಂತ ಬಳಕೆಗೆ ಕಂಪನಿ ಖರೀದಿಸಿದ ಕಾರಿನ ಪ್ರಕರಣವೊಂದರಲ್ಲಿ 2024ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಆಕ್ಷೇಪವನ್ನು ಒಪ್ಪಲಿಲ್ಲ.

ಪರೀಕ್ಷೆಯಿಲ್ಲದೆ ದೋಷವನ್ನು ನಿರ್ಧರಿಸಲಾಗದಿದ್ದಲ್ಲಿ ಆಯೋಗವು ಅದನ್ನು ಸೂಕ್ತ ಪ್ರಯೋಗಾಲಯಕ್ಕೆ ಒಪ್ಪಿಸಬಹುದು. ಇಂತಹ ದೂರುಗಳನ್ನು ಐದು ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕೆಂದು ಕಾನೂನು ಹೇಳುತ್ತದೆ. ಕಾರ್ಯತಃ ಹೆಚ್ಚು ಕಾಲ ಹಿಡಿಯಬಹುದು. ಅಷ್ಟು ಕಾಲ ವಾಹನವನ್ನು ನಿಲ್ಲಿಸಿಡಲು ಸಾಧ್ಯವಿಲ್ಲದವರು, ತಪಾಸಣಾ ವರದಿ ಪಡೆದು, ಮಾರಾಟಗಾರರಿಗೆ ತಿಳುವಳಿಕೆ ಪತ್ರ ತಲುಪಿದ ನಂತರ ದುರಸ್ತಿ ಮಾಡಿಸಿ, ಬಿಲ್ಲುಗಳೊಂದಿಗೆ ಆ ಮೊತ್ತವನ್ನು ಕೋರಬಹುದು.

ದೂರಿನೊಂದಿಗೆ ಮಾರಾಟ ಒಪ್ಪಂದ ಅಥವಾ ಬಿಲ್ಲು, ಹಣ ಪಾವತಿಯ ದಾಖಲೆ, ನೋಂದಣಿ ಪತ್ರ, ಜಾಹೀರಾತು ಹಾಗೂ ಸಂದೇಶಗಳ ಪ್ರತಿ, ಸ್ಕ್ಯಾನರ್ ಮುದ್ರಿತ ಪ್ರತಿ, ತಪಾಸಣಾ ವರದಿ, ತಿಳುವಳಿಕೆ ಪತ್ರ ಮತ್ತು ಅದರ ಸ್ವೀಕೃತಿಯನ್ನು ಲಗತ್ತಿಸಬೇಕು. ಹಿಂದಿನ ಮಾಲೀಕರ ಮತ್ತು ನಮೂದುಗಳ ವಿವರಕ್ಕಾಗಿ ನೋಂದಣಿ ಪ್ರಾಧಿಕಾರದಿಂದ ಬಿ-ಎಕ್ಸ್‌ಟ್ರಾಕ್ಟ್ ಪಡೆಯಬಹುದು. ದೂರು ಸಲ್ಲಿಸುವ ಮುನ್ನ ಮಾರ್ಗದರ್ಶನ ಬೇಕಾದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.