ಅಡ್ಡಹೆಸರಿನ ಎರಡು ಅರ್ಥಗಳು

ಆಂಗ್ಲರ ನೌಕಾಬಲದಲ್ಲಿ ಒಂದು ವಿಲಕ್ಷಣವಾದ ರೂಢಿಯು ಬಹುಕಾಲ ನಡೆದುಬಂದಿತು. ಮಾರ್ಟಿನ್ ಮನೆತನದ ನಾವಿಕನನ್ನು ಸಂಗಡಿಗರು ‘ಪಿಂಚರ್’, ಎಂದರೆ ಹಿಡಿಯುವವನು, ಎಂದೇ ಕರೆಯುತ್ತಿದ್ದರು. ಅಲ್ಪ ತಪ್ಪಿಗೂ ನಾವಿಕರನ್ನು ಸೆರೆಹಿಡಿಸುತ್ತಿದ್ದ ಅಡ್ಮಿರಲ್ ವಿಲಿಯಂ ಫ್ಯಾನ್‌ಶಾ ಮಾರ್ಟಿನ್ (1801–1895) ಎಂಬವರಿಂದ ಇದು ಬಂದಿತೆಂದು ಹೇಳುವರು. ಮಿಲ್ಲರ್ ಎಂದರೆ ಹಿಟ್ಟು ಬೀಸುವವನು. ಆದುದರಿಂದ ಅವನು ‘ಡಸ್ಟಿ’, ಧೂಳಿನವನು. ಅಲ್ಲಿ ಮನೆತನದ ಹೆಸರು ಮೊದಲು, ಸಲಿಗೆಯ ಹೆಸರು ಅನಂತರ.

ನಮ್ಮಲ್ಲಿ ಕ್ರಮವು ವಿಪರೀತವಾದುದು. ‘ಅಡ್ಡಹೆಸರು’ ಎಂದರೆ ಮೈಸೂರು ಸೀಮೆಯಲ್ಲಿ ಸಲಿಗೆಯ ಹೆಸರು. ಗದಗ-ಧಾರವಾಡಗಳಲ್ಲಿ ಮನೆತನದ ಹೆಸರು. ಶಬ್ದವೇ ಚರಿತ್ರೆಯನ್ನು ಹೇಳುತ್ತದೆ: ನೆರೆಯವರು ಕರೆದುದೇ ಮನೆತನಕ್ಕೆ ನಿಂತಿತು. ಮೆಣಸಿನಕಾಯಿ, ಉಳ್ಳಾಗಡ್ಡಿ ಎಂಬ ಹೆಸರುಗಳನ್ನು ಯಾರೂ ತಮಗೆ ತಾವೇ ಇಟ್ಟುಕೊಂಡಿರಲಾರರು.

ಊರಿನ ಹೆಸರೂ ಹಾಗೆಯೇ. ಬೆಳವಣಕಿಯೊಳಗೆ ಎಲ್ಲರೂ ಬೆಳವಣಕಿಯವರೇ. ಊರು ಬಿಟ್ಟವನಿಗೇ ಆ ಹೆಸರು ಅಂಟುವುದು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಹಾಡಲ್ಪಟ್ಟ ನಾಡಗೀತದ ಕವಿ ಹುಯಿಲಗೋಳ ನಾರಾಯಣರಾಯರ ಹೆಸರಿನಲ್ಲಿ ಗದಗಿನ ನೆರೆಯ ಹಳ್ಳಿಯೊಂದು ಇಂದಿಗೂ ಬಾಳುತ್ತಿದೆ.

ಈಗ ತರುಣರು ಕೆಲವರು ಅಡ್ಡಹೆಸರನ್ನು ಒಂದಕ್ಷರಕ್ಕೆ ಇಳಿಸುವರು. ಕೆಲವರು ನಾಚಿ ಬಿಟ್ಟೇಬಿಡುವರು. ತಾಮ್ರಪಟವಿಲ್ಲದ ಮನೆತನಕ್ಕೆ ಅದೊಂದೇ ಶಾಸನ. ಅಳಿಸುವ ಮುನ್ನ ಮನೆಯ ಹಿರಿಯರನ್ನು ಕೇಳಿ, ಅದರ ಕಾರಣವನ್ನು ಬರೆದಿಡುವುದು ಲೇಸು.